ಮಣಿಕಟ್ಟಿನ ಮೇಲೊಂದು ಬಿದಿಗೆ ಚಂದ್ರ

ಒಂದು ಇಂಚಿನ ಗಡಿಯಾರಕ್ಕೆ ಹೆದರುವ ಜಾಯಮಾನ ನನ್ನದಲ್ಲ! ಇಪ್ಪತ್ತಾರು ಮಹಡಿ ಏರಿಳಿಯುವ ಲಿಫ್ಟನ್ನು ಒಂದೇ ಒಂದು ಸಹಿಯಿಂದ ನಿಲ್ಲಿಸಬಲ್ಲ ಲಿಫ್ಟ್ ಇನ್ಸ್‌ಪೆಕ್ಟರ್ ನಾನು. ನನ್ನ ಸಹಿ ಬೀಳುವವರೆಗೆ ಎಂಥೆಂಥ ಮಾಲೀಕರೂ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಬೇಕು. ಹೀಗಿರುವಾಗ ನನ್ನದೇ ಕೈಯಲ್ಲಿರುವ ಸ್ಮಾರ್ಟ್ ವಾಚು ಮೆಸೇಜು ತೋರಿಸುವುದನ್ನು ನಿಲ್ಲಿಸಿದರೆ ಅದನ್ನು ಒಯ್ದು ಯಾರದೋ ಅಂಗಡಿಯ ಮುಂದೆ ಕೈಕಟ್ಟಿ ನಿಲ್ಲುವುದೇ? ಛೆ ಛೆ!

"ನಾಳೆ ರಜಾ ಹಾಕಿದೀನಲ್ಲ, ಬೆಳಿಗ್ಗೆ ಹತ್ತರೊಳಗೆ ಇದನ್ನ ಸರಿ ಮಾಡಿ ಬಿಸಾಕ್ತೀನಿ," ಎಂದು ರಾತ್ರಿ ಊಟದ ಮೇಜಿನ ಮುಂದೆ ಘೋಷಿಸಿದೆ.

ಹೆಂಡತಿ ತಟ್ಟೆಯಿಂದ ಕಣ್ಣೆತ್ತಲಿಲ್ಲ. "ಬಿಸಾಕೋದಂತೂ ಖಂಡಿತ. ರಜಾ ಹಾಕಿರೋದು ವಾಚಿಗಲ್ಲ, ಅಪ್ಪನ್ನ ಕರ್ಕೊಂಡು ಬರೋಕೆ."

"ಎರಡೂ ಆಗುತ್ತೆ ಬಿಡು."

"ನೀವು ಎರಡೂ ಆಗುತ್ತೆ ಅಂದಾಗೆಲ್ಲ ನಮ್ಮನೇಲಿ ಒಂದೂ ಆಗಿಲ್ಲ."

ಇಲ್ಲಿ ನನ್ನ ಮಾವನವರ ವಿಷಯ ಹೇಳಲೇಬೇಕು. ಅವರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಾಸಿವೆ ಕಾಳಿಗಿಂತ ಸಣ್ಣ ತಿರುಪನ್ನೂ ಹಿಡಿದು ಕೂರಿಸಿಬಿಡುತ್ತಿದ್ದರು. ಐದು ವರ್ಷದ ಹಿಂದೆ ಅವರ ಕಿವಿ ಪೂರ್ತಿ ಹೋಯಿತು. ಅಂದಿನಿಂದ ಅವರ ಜೊತೆ ಮಾತುಕತೆಯೆಲ್ಲ ಮೆಸೇಜಿನಲ್ಲೇ. ಅವರು ಕಳಿಸುವುದು ಮೆಸೇಜಲ್ಲ, ಪತ್ರ! ಪೂರ್ಣವಿರಾಮ, ಅಲ್ಪವಿರಾಮ ಎಲ್ಲ ಹಾಕಿ, ಕೊನೆಗೆ "ಇತಿ, ಮಾವ" ಎಂದು ಸಹಿ ಬೀಳದೆ ಅವರ ಫೋನಿನಿಂದ ಒಂದು ಸಾಲೂ ಹೊರಡುವುದಿಲ್ಲ.

ಮೂರು ವರ್ಷದ ಹಿಂದೆ ಅವರು ನಮ್ಮಲ್ಲಿಗೆ ಬಂದಿದ್ದರು. ಬಂದಿದ್ದರು ಎನ್ನುವುದಕ್ಕಿಂತ ರೈಲ್ವೆ ಸ್ಟೇಷನ್‌ವರೆಗೆ ಬಂದಿದ್ದರು. ಕರೆದುಕೊಂಡು ಬರಬೇಕಾದ ನಾನು ಒಂದು ಆಸ್ಪತ್ರೆಯಲ್ಲಿ ಲಿಫ್ಟು ಓಡಾಡುವ ಬಾವಿಯೊಳಗೆ ಇಳಿದಿದ್ದೆ. ಬಾವಿಗೆ ಫೋನ್ ಒಯ್ಯುವಂತಿಲ್ಲ, ಅದು ಮೇಲೆ ಚೀಲದಲ್ಲಿತ್ತು. ನನಗೋ ಕೆಲಸದ ಗುಂಗಿನಲ್ಲಿ ಮಾವ, ಮಾವನ ಟ್ರೈನು ಎರಡೂ ಮರೆತೇಹೋಗಿದ್ದವು! ಅವರು ಎರಡು ಗಂಟೆ ಪುಸ್ತಕದ ಅಂಗಡಿಯ ಪಕ್ಕ ನಿಂತು ಹನ್ನೊಂದು ಮೆಸೇಜು ಕಳಿಸಿದ್ದರು. ಕೊನೆಯದು ಹೀಗಿತ್ತು: "ನಿಮಗೆ ಕೆಲಸವಿರಬಹುದು. ಹಿಂತಿರುಗುವ ಟ್ರೈನ್ ಬಂದಿದೆ. ತೊಂದರೆ ಮಾಡಿಕೊಳ್ಳಬೇಡಿ. ಇತಿ, ಮಾವ." ಹೋದ ಪುಟ್ಟ, ಬಂದ ಪುಟ್ಟ!

ಅವರು ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಬೈಯಲಿಲ್ಲ. ಆಮೇಲೆ ನಾವು ಎಷ್ಟು ಸಲ ಕರೆದರೂ "ನಿಮಗೆ ಯಾಕೆ ತೊಂದರೆ" ಎನ್ನುವ ಒಂದೇ ಉತ್ತರ. ಹೆಂಡತಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಈ ಸ್ಮಾರ್ಟ್ ವಾಚು ತಂದು ನನ್ನ ಕೈಗೆ ಕಟ್ಟಿದಳು. "ಇನ್ನು ಮೇಲೆ ಮೆಸೇಜ್ ಬಂದ್ರೆ ಕೈ ಮೇಲೇ ಗುದ್ದುತ್ತೆ. ಬಾವಿಲಿದ್ರೂ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಗುದ್ದುತ್ತಿತ್ತು, ನಿಜ. ಮೂರು ವರ್ಷ ನಿಷ್ಠೆಯಿಂದ ಗುದ್ದಿತು. ನಾನು ಅದರ ಒಂದೊಂದೇ ಗುಟ್ಟನ್ನು ಕಂಡುಹಿಡಿದು ಆಫೀಸಿನಲ್ಲಿ ಮೆರೆಯುತ್ತಿದ್ದೆ. ಹದಿಮೂರು ದಿನದ ಹಿಂದಂತೂ ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದಾಗ ಒಂದು ಪುಟ್ಟ ಚಂದ್ರನ ಗುರುತು ಸಿಕ್ಕಿತು. ಒತ್ತಿದೆ. ಗಡಿಯಾರದ ನೆತ್ತಿಯ ಮೇಲೆ ಎಳೆ ಚಂದ್ರ ಮೂಡಿದ! ಕಿಟಕಿಯಾಚೆ ನೋಡಿದರೆ ಆಕಾಶದಲ್ಲೂ ಹಾಗೇ, ಕೊರೆದಿಟ್ಟಂಥ ಬಿದಿಗೆ ಚಂದ್ರ! "ಬಾರೇ, ನೋಡೇ! ನನ್ನ ವಾಚು ಚಂದ್ರನನ್ನೂ ತೋರಿಸುತ್ತೆ!" ಎಂದೆ. ಅವಳು ಬಟ್ಟೆ ಒಗೆಯುವ ಮಷೀನಿನೊಳಗೆ ತಲೆ ಹಾಕಿಕೊಂಡೇ "ಹೂಂ, ಚೆನ್ನಾಗಿದೆ" ಎಂದಿದ್ದಳು.

ಮೆಸೇಜು ನಿಂತುಹೋಗಿದೆ ಎಂದು ನನಗೆ ಹೊಳೆದದ್ದು ಆಮೇಲೆ. ಯಾವಾಗಿನಿಂದ ನಿಂತಿತೋ ಗೊತ್ತಿಲ್ಲ. ಈ ಮಧ್ಯೆ ಹೆಂಡತಿ ಅತ್ತು ಕರೆದು ಅಪ್ಪನನ್ನು ಒಪ್ಪಿಸಿದ್ದಳು. "ಬರುತ್ತೇನೆ. ಯಾರಿಗೂ ಬರಲು ಬಿಡುವಿಲ್ಲದಿದ್ದರೆ ಹಾಗೇ ಹಿಂತಿರುಗುತ್ತೇನೆ, ಬೇಸರವಿಲ್ಲ. ಇತಿ, ಅಪ್ಪ." ಇದನ್ನು ಅವಳು ನನಗೆ ಮೂರು ಸಲ ಓದಿ ಹೇಳಿದಳು.

ಬೆಳಿಗ್ಗೆ ಎಂಟಕ್ಕೆ ಅವಳು ಹೊರಟು ನಿಂತಳು. ಅವಳು ಆಪರೇಷನ್ ಥಿಯೇಟರಿನ ನರ್ಸು.

"ಕೇಳಿ. ಎರಡು ಗಂಟೆವರೆಗೆ ನನ್ನ ಫೋನ್ ಲಾಕರ್‌ನಲ್ಲಿರುತ್ತೆ. ಅಪ್ಪಂಗೆ ನೀವೊಬ್ರೇ ದಿಕ್ಕು. ಹನ್ನೆರಡೂಕಾಲು, ದೊಡ್ಡ ಸ್ಟೇಷನ್, ನಾಲ್ಕನೇ ಪ್ಲಾಟ್‌ಫಾರ್ಮ್. ವಾಚ್ ಮುಟ್ಟಬೇಡಿ. ಫೋನ್ ಕೈಲಿಟ್ಕೊಂಡು ನೋಡ್ತಾ ಇರಿ, ಸಾಕು."

"ಫೋನೇ ನೋಡ್ತಾ ಕೂರೋದಾದ್ರೆ ವಾಚ್ ಯಾಕೆ ಬೇಕಿತ್ತು?"

"ಅದನ್ನೇ ನಾನೂ ಕೇಳ್ತಿರೋದು! ಇವತ್ತೊಂದು ದಿನ ಅಪ್ಪ ಮದುವೆಗೆ ಕೊಟ್ಟ ವಾಚ್ ಕಟ್ಕೊಂಡು ಹೋಗಿ. ಡ್ರಾಯರ್‌ನಲ್ಲಿ ಬಿದ್ದಿದೆ ಪಾಪ." ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಳು. "ಈ ಸಲನೂ ಅಪ್ಪ ವಾಪಸ್ ಹೋದ್ರೆ ಮುಂದಿನ ಟ್ರೈನಿಗೆ ನಾನೂ ಹೋಗ್ತೀನಿ." ಆ ಮಾತಿನಲ್ಲಿ ತಮಾಷೆಯ ಎಳೆಯೂ ಇರಲಿಲ್ಲ.

ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ! ಒಂಬತ್ತಕ್ಕೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ವಾಚನ್ನು ಮಲಗಿಸಿ, ಪಕ್ಕದಲ್ಲಿ ನಮ್ಮ ಇಲಾಖೆಯ ಕೆಂಪು ಚೀಟಿ ಇಟ್ಟೆ: "ಪರೀಕ್ಷೆಯಲ್ಲಿದೆ. ಮುಟ್ಟಬೇಡಿ." ನಮ್ಮ ಕೆಲಸದಲ್ಲಿ ಎರಡು ನಿಯಮ. ಒಂದು, ಮೊದಲು ಮಷೀನು ನೋಡಬೇಡ, ಸ್ವಿಚ್ಚು ನೋಡು. ಎರಡು, ಬೀಗ ಹಾಕಿದವನೇ ಬೀಗ ತೆಗೆಯಬೇಕು. ಹೊಸಬರಿಗೆಲ್ಲ ನಾನು ಇದನ್ನು ಬಾಯಿಪಾಠ ಮಾಡಿಸುತ್ತೇನೆ. ಅವತ್ತು ನನಗೆ ಎರಡೂ ನೆನಪಾಗಲಿಲ್ಲ.

ವಾಚನ್ನು ಆರಿಸಿ ಹೊತ್ತಿಸಿದೆ. ಗುದ್ದಲಿಲ್ಲ. ಫೋನಿಗೂ ಅದಕ್ಕೂ ಇದ್ದ ಸಂಬಂಧ ಕಡಿದೆ. ಎರಡನ್ನೂ ಮತ್ತೆ ಕೂಡಿಸಿದೆ. ವಾಚು ಹಳೆಯದನ್ನೆಲ್ಲ ಮರೆತು, ಗಂಡು ನೋಡಲು ಬಂದ ಬೀಗರಂತೆ ಮೊದಲಿಂದ ನನ್ನ ಹೆಸರು, ವಯಸ್ಸು, ತೂಕ ಕೇಳಿತು. ತೂಕದಲ್ಲಿ ಆರು ಕಿಲೋ ಕಡಿಮೆ ಹೇಳಿದೆ. ಅಷ್ಟರಲ್ಲಿ ಪರದೆಯ ನೆತ್ತಿಯ ಮೇಲೆ ಫೋನಿನಿಂದ ತಾನಾಗಿಯೇ ಬಂದು ನಿಂತ ಎಳೆ ಚಂದ್ರ! "ಸದ್ಯ, ಚಂದ್ರನಾದರೂ ಕೆಡಲಿಲ್ಲ" ಎಂದು ಸಮಾಧಾನಪಟ್ಟೆ.

ಪರೀಕ್ಷೆಗೆಂದು ಆಫೀಸಿನ ಗ್ರೀಸಪ್ಪನಿಗೆ ಫೋನ್ ಮಾಡಿದೆ. ಲಿಫ್ಟಿನ ಹಗ್ಗಗಳಿಗೆ ಗ್ರೀಸ್ ಬಳಿಯುವವನಾದ್ದರಿಂದ ಅವನಿಗೆ ಆ ಹೆಸರು.

"ಒಂದು ಮೆಸೇಜ್ ಕಳ್ಸಯ್ಯಾ."

"ಏನಂತ ಕಳ್ಸಲಿ ಸಾರ್?"

"ಏನಾದ್ರೂ ಕಳ್ಸು!"

ಫೋನಿನ ಪರದೆ ಮೇಲೆ "ಏನಾದ್ರೂ" ಎಂದು ಸದ್ದಿಲ್ಲದೆ ಬಂತು. ವಾಚು ಮಾತ್ರ ಸಮಾಧಿ ಸ್ಥಿತಿಯಲ್ಲಿತ್ತು.

"ಫೋನಿಗೆ ಬಂತು, ವಾಚಿಗೆ ಬರಲಿಲ್ಲ."

"ಹಾಗಾದ್ರೆ ಫೋನ್ ಹಳೇದಾಗಿದೆ ಸಾರ್. ಅಪ್‌ಡೇಟ್ ಹೊಡೀರಿ. ನಮ್ಮ ಭಾವಂಗೂ ಹೀಗೇ ಆಗಿತ್ತು."

"ಸರಿ ಹೋಯ್ತಾ?"

"ಗೊತ್ತಿಲ್ಲ ಸಾರ್, ಭಾವ ಈಗ ಮಾತಾಡ್ತಿಲ್ಲ."

ಆಗ ಹತ್ತೂಮುಕ್ಕಾಲು. ಸರಿಯಾಗಿ ಅದೇ ಹೊತ್ತಿಗೆ ಫೋನಿನಲ್ಲಿ ಮಾವನ ಮೆಸೇಜು: "ಟ್ರೈನ್ ಸಮಯಕ್ಕೆ ಸರಿಯಾಗಿ ಬರುತ್ತಿದೆ. ಕಿಟಕಿಯ ಸೀಟು. ಇತಿ, ಮಾವ." ನೋಡಿ, ಎಷ್ಟು ನೆಮ್ಮದಿ! ಇನ್ನೂ ಒಂದೂವರೆ ಗಂಟೆಯಿದೆ. ಅಪ್‌ಡೇಟಿಗೆ ಬೇಕಾದ್ದು ಬರೀ ಇಪ್ಪತ್ತೈದು ನಿಮಿಷ ಎಂದು ಫೋನೇ ಬಾಯಿಬಿಟ್ಟು ಹೇಳುತ್ತಿದೆ. ಒತ್ತಿಯೇಬಿಟ್ಟೆ!

ಪರದೆ ಕಪ್ಪಾಯಿತು. ನಡುವೆ ಒಂದು ಬಿಳಿ ಗೆರೆ. ಕೆಳಗೆ ಒಂದು ಆಜ್ಞೆ: "ಮುಗಿಯುವವರೆಗೆ ಫೋನ್ ಆಫ್ ಮಾಡಬೇಡಿ."

ಹನ್ನೊಂದೂ ಹತ್ತು. ಗೆರೆ ಮೂವತ್ತೊಂದರಲ್ಲಿ ನಿಂತಿತ್ತು. ಹನ್ನೊಂದೂವರೆ. ಮೂವತ್ತೆರಡು! ಇರುವೆ ಬೆಲ್ಲದ ಅಚ್ಚು ಹೊತ್ತರೂ ಇದಕ್ಕಿಂತ ಬೇಗ ಹೋಗುತ್ತಿತ್ತು. ಕೂಡಿಸಿದ ವಾಚು ಫೋನಿನ ಆಸರೆ ತಪ್ಪಿ "ಫೋನ್ ಸಿಗುತ್ತಿಲ್ಲ" ಎಂದು ಕಣ್ಣು ಮಿಟುಕಿಸಿ, ಚಾರ್ಜು ಮುಗಿದು ಆರಿಯೇಹೋಯಿತು. ಈಗ ನನ್ನ ಬಳಿ ಫೋನಿಲ್ಲ, ವಾಚಿಲ್ಲ, ಸಮಯವೂ ಇಲ್ಲ! ಡ್ರಾಯರ್ ಎಳೆದು ಮಾವ ಕೊಟ್ಟ ಹಳೇ ಕೈಗಡಿಯಾರ ತೆಗೆದು, ಕೀಲಿ ಕೊಟ್ಟು, ಅಡುಗೆಮನೆಯ ಗಡಿಯಾರ ನೋಡಿ ಹೊಂದಿಸಿ ಕಟ್ಟಿಕೊಂಡೆ. ಎಷ್ಟೋ ವರ್ಷದಿಂದ ಮಲಗಿದ್ದ ಜೀವ, ಒಂದು ಮಾತಿಲ್ಲದೆ ಟಿಕ್ ಟಿಕ್ ಎಂದು ನಡೆಯತೊಡಗಿತು. ನನಗೆ ಸ್ವಲ್ಪ ನಾಚಿಕೆಯಾಯಿತು.

ಫೋನನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಹಿಡಿದು ಟ್ಯಾಕ್ಸಿ ಹತ್ತಿದೆ.

"ಏನ್ ಸಾರ್, ಹಸುಗೂಸು ಎತ್ಕೊಂಡ ಹಾಗೆ ಎತ್ಕೊಂಡಿದೀರಲ್ಲ?" ಎಂದ ಟ್ಯಾಕ್ಸಿಯವನು.

"ಸುಮ್ನೆ ಓಡ್ಸಪ್ಪಾ. ಹಳ್ಳ ಬಂದ್ರೆ ನಿಧಾನ. ಇದು ಅಲ್ಲಾಡಬಾರದು."

ಹನ್ನೆರಡೂ ಹತ್ತಕ್ಕೆ ನಾಲ್ಕನೇ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ನೋಡಿ, ಮೂರು ವರ್ಷದ ಕಳಂಕ ತೊಳೆದುಹೋಯಿತು! ಸಮಯಕ್ಕೆ ಐದು ನಿಮಿಷ ಮೊದಲೇ ಬಂದ ಅಳಿಯ! ಟ್ರೈನು ಬಂತು. ಜನ ಇಳಿದರು. ಪೆಟ್ಟಿಗೆ ಇಳಿದವು. ಮಾವ ಇಳಿಯಲಿಲ್ಲ. ಈ ತುದಿಯಿಂದ ಆ ತುದಿಗೆ ಓಡಿದೆ. ಕೂಗಿ ಕರೆಯುವ ಹಾಗೂ ಇಲ್ಲ. ಕಂಡ ಕಂಡ ಕಿಟಕಿಯಲ್ಲಿ ಇಣುಕಿ "ಬಿಳಿ ಮೀಸೆ, ಕಂದು ಕೋಟು, ಕಿವಿ ಕೇಳಲ್ಲ, ನೋಡಿದ್ರಾ?" ಎಂದು ಕೇಳಿದೆ. ಒಬ್ಬಾಕೆ "ನಮ್ಮೆಜಮಾನ್ರೂ ಹಾಗೇ, ಆದ್ರೆ ಅವರಿಗೆ ಕಿವಿ ಸರಿಯಾಗಿದೆ" ಎಂದಳು. ಟ್ರೈನು ಹೊರಟುಹೋಯಿತು. ಪ್ಲಾಟ್‌ಫಾರ್ಮು ಬರಿದಾಯಿತು.

ಹಿಂದಿನ ಸಲ ಅವರು ಇಲ್ಲಿ ನಿಂತಿದ್ದರು, ನಾನಿರಲಿಲ್ಲ. ಈ ಸಲ ನಾನು ನಿಂತಿದ್ದೇನೆ, ಅವರಿಲ್ಲ. ಎಲ್ಲಿ ಹೋದರು? ದಾರಿಯಲ್ಲಿ ಏನಾದರೂ ಆಯಿತೇ? ಕೈಯಲ್ಲಿ ಬಿಳಿ ಗೆರೆ ತೊಂಬತ್ತೊಂದು ಎನ್ನುತ್ತಿತ್ತು. ಬೆಂಚಿನ ಮೇಲೆ ಕುಸಿದು ಅದನ್ನೇ ದಿಟ್ಟಿಸಿದೆ. ತೊಂಬತ್ತೆರಡು. ತೊಂಬತ್ತನಾಲ್ಕು. ನಾನು ಹುಟ್ಟಿದಾಗಲೂ ನಮ್ಮಪ್ಪ ಆಸ್ಪತ್ರೆಯ ಹೊರಗೆ ಇಷ್ಟು ಒದ್ದಾಡಿರಲಾರರು!

ಹನ್ನೆರಡೂ ಮೂವತ್ತೆರಡಕ್ಕೆ ಫೋನು ಬೆಳಗಿತು. ಬೀಗ ಬಿದ್ದ ಪರದೆಯ ಮೇಲೆ ಒಂದರ ಕೆಳಗೊಂದು ಮೆಸೇಜು ಸಾಲುಗಟ್ಟಿದವು.

"ನಿಮ್ಮ ಬಡಾವಣೆಗೆ ದೊಡ್ಡ ಸ್ಟೇಷನ್‌ಗಿಂತ ಹಿಂದಿನ ಚಿಕ್ಕ ಸ್ಟೇಷನ್ನೇ ಹತ್ತಿರವೆಂದು ಪಕ್ಕದ ಸೀಟಿನವರು ಹೇಳಿದರು. ಅಲ್ಲೇ ಇಳಿಯಲೇ? ಇತಿ, ಮಾವ."

"ಉತ್ತರ ಬರಲಿಲ್ಲ. ಒಪ್ಪಿಗೆಯೆಂದು ತಿಳಿಯುತ್ತೇನೆ. ಇತಿ, ಮಾವ."

"ಇಳಿದೆ. ಬೆಂಚಿನ ಮೇಲೆ ಕುಳಿತಿದ್ದೇನೆ. ಇತಿ, ಮಾವ."

"ಬಿಸಿಲಿದೆ. ಪರವಾಗಿಲ್ಲ. ಇತಿ, ಮಾವ."

"ನಿಮಗೆ ಕೆಲಸವಿರಬಹುದು. ಹಿಂತಿರುಗುವ ಟ್ರೈನ್ ಒಂದು ಗಂಟೆ ಐದು ನಿಮಿಷಕ್ಕೆ ಇದೆಯಂತೆ. ಟಿಕೆಟ್ ತೆಗೆದುಕೊಂಡೆ. ತೊಂದರೆ ಮಾಡಿಕೊಳ್ಳಬೇಡಿ. ಇತಿ, ಮಾವ."

ಅಯ್ಯೋ! ಉತ್ತರ ಬರೆಯಲು ಬೆರಳು ಒತ್ತಿದೆ. ಫೋನು ಬೆರಳನ್ನು ಗುರುತಿಸಲು ಒಪ್ಪಲಿಲ್ಲ. ಅಪ್‌ಡೇಟಾದ ಮೇಲೆ ಮೊದಲ ಸಲ ಗುಪ್ತಸಂಖ್ಯೆಯನ್ನೇ ಹಾಕಬೇಕಂತೆ. ಆ ಸಂಖ್ಯೆ ಯಾವುದು? ನಮ್ಮ ಮದುವೆಯ ದಿನಾಂಕ. ಮರೆಯಬಾರದು ಎಂದು ನಾನೇ ಇಟ್ಟದ್ದು!

ಹೊರಗೆ ಇನ್ನೂ ನಿಂತಿದ್ದ ಅದೇ ಟ್ಯಾಕ್ಸಿಯೊಳಗೆ ಬಿದ್ದು "ಚಿಕ್ಕ ಸ್ಟೇಷನ್! ಒಂದು ಗಂಟೆಯೊಳಗೆ!" ಎಂದು ಅರಚಿ, ಹದಿನೇಳು ಎಂದು ಶುರು ಮಾಡಿ ಒತ್ತಿದೆ. ತಪ್ಪು. ಹದಿನೆಂಟು. ತಪ್ಪು. ಇಪ್ಪತ್ತೇಳು. "ಮೂರು ಸಲ ತಪ್ಪಾಗಿದೆ. ಇಪ್ಪತ್ತೈದು ನಿಮಿಷದ ನಂತರ ಪ್ರಯತ್ನಿಸಿ."

"ಏನಾಯ್ತು ಸಾರ್?"

"ಮದುವೆ ಡೇಟ್ ಮರ್ತೋಗಿದೆ!"

ಟ್ಯಾಕ್ಸಿಯವನು ಕನ್ನಡಿಯಲ್ಲಿ ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ನನ್ನ ಫೋನಿಂದ ಕಳ್ಸಿ ಸಾರ್, ನಂಬರ್ ಹೇಳಿ," ಎಂದ, ಒಳ್ಳೆಯವನು. ನಂಬರು? ಮಾವನ ನಂಬರು ನನಗೆ ಬಾಯಿಗೆ ಬರುವುದಿಲ್ಲ. ನಗರದ ಮುನ್ನೂರು ಲಿಫ್ಟುಗಳ ನಂಬರು ಬಾಯಿಗೆ ಬರುತ್ತದೆ!

ಸಿಗ್ನಲ್ಲಿಗೊಂದು ಕೆಂಪು ದೀಪ. ಹನ್ನೆರಡೂ ನಲವತ್ತೆಂಟು. ಹನ್ನೆರಡೂ ಐವತ್ತೈದು. ನಿಮಿಷಕ್ಕೆ ಮೂರು ಸಲ ಕೈಗಡಿಯಾರ ನೋಡುತ್ತಿದ್ದೆ. ಹಳೇ ಪಟ್ಟಿ ಸಡಿಲಾಗಿ ಅದು ಮಣಿಕಟ್ಟಿನಿಂದ ಜಾರಿ ತೊಡೆಯ ಮೇಲೆ ಬೋರಲು ಬಿತ್ತು. ಬೆನ್ನಿನ ಮೇಲೆ ಸಣ್ಣದಾಗಿ ಏನೋ ಕೊರೆದಿದೆ. ಕಣ್ಣಿಗೆ ಹತ್ತಿರ ಹಿಡಿದೆ. ಹತ್ತೊಂಬತ್ತನೇ ತಾರೀಕು! ತಿಂಗಳು, ವರ್ಷ, ಎಲ್ಲ! ಅಳಿಯನ ಯೋಗ್ಯತೆ ಮಾವನಿಗೆ ಅವತ್ತೇ ಗೊತ್ತಿತ್ತು, ಅದಕ್ಕೇ ತಮ್ಮ ಕೈಯಾರೆ ಕೊರೆದು ಕೊಟ್ಟಿದ್ದಾರೆ.

ಒಂದು ಗಂಟೆ ನಾಲ್ಕು ನಿಮಿಷ. ಚಿಕ್ಕ ಸ್ಟೇಷನ್ನಿನ ಒಂದನೇ ಪ್ಲಾಟ್‌ಫಾರ್ಮಿಗೆ ನುಗ್ಗಿದೆ. ಟ್ರೈನು ಆಗಲೇ ಬಂದು ಎರಡನೇ ಪ್ಲಾಟ್‌ಫಾರ್ಮಿನ ಆಚೆ ಬದಿಗೆ ನಿಂತಿತ್ತು. ನನಗೂ ಅದಕ್ಕೂ ನಡುವೆ ಹಳಿ. ದಾಟಬೇಕಾದರೆ ಮೇಲಿನ ಸೇತುವೆ ಹತ್ತಿ ಇಳಿಯಬೇಕು, ಮೂರು ನಿಮಿಷ. ಟ್ರೈನು ನಿಲ್ಲುವುದು ಎರಡೇ ನಿಮಿಷ. ಅಷ್ಟರಲ್ಲಿ ಕಂಡಿತು, ಕಂದು ಕೋಟಿನ ಬೆನ್ನು! ಪೆಟ್ಟಿಗೆಯನ್ನು ಬೋಗಿಯೊಳಗೆ ಇಟ್ಟು, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಾಗಿದೆ.

"ಮಾವಾ!" ಎಂದು ಕಿರುಚಿದೆ. "ಮಾವಾ! ಹತ್ತಬೇಡಿ!" ಇಡೀ ಸ್ಟೇಷನ್ನು ತಿರುಗಿ ನನ್ನನ್ನು ನೋಡಿತು. ಪೋರ್ಟರುಗಳು ನೋಡಿದರು, ಟಿಕೆಟ್ ಕೊಡುವವರು ನೋಡಿದರು, ಬೆಂಚಿನ ಕೆಳಗೆ ಮಲಗಿದ್ದ ನಾಯಿ ಕೂಡ ಎದ್ದು ನೋಡಿತು. ನೋಡದವರು ಒಬ್ಬರೇ. ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ ಎಂಬ ಗಾದೆಯ ಅರ್ಥ ನನಗೆ ಅವತ್ತು ಗಂಟಲು ಹರಿದು ಗೊತ್ತಾಯಿತು.

ಫೋನು! ಇಪ್ಪತ್ತೈದು ನಿಮಿಷ ಕಳೆದಿತ್ತು. ಮದುವೆಯ ದಿನಾಂಕ ಒತ್ತಿದೆ. ತೆರೆಯಿತು! "ಮಾವ, ಹಿಂದೆ ತಿರುಗಿ ನೋಡಿ" ಎಂದು ಬರೆದು ಕಳಿಸಿದೆ.

ಅವರು ಎದೆಯ ಜೇಬನ್ನು ಮುಟ್ಟಿಕೊಂಡರು. ಅವರ ಫೋನು ಗುದ್ದಿತ್ತು! ಮೆಟ್ಟಿಲ ಮೇಲಿನ ಕಾಲು ಅಲ್ಲೇ ಇದೆ. ಫೋನು ತೆಗೆದರು. ಇನ್ನೊಂದು ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು. ಕನ್ನಡಕ ಬಿಡಿಸಿದರು. ಕರವಸ್ತ್ರದಿಂದ ಒರೆಸಿದರು. ಒರೆಸಬೇಕೇ ಈಗ! ಹಾಕಿಕೊಂಡರು. ಓದಿದರು. ಗಾರ್ಡು ಸೀಟಿ ಊದಿದ. ಮಾವ ತಿರುಗಲಿಲ್ಲ. ಬಂದ ಪತ್ರಕ್ಕೆ ಉತ್ತರ ಬರೆಯದೆ ಮುಂದಿನ ಕೆಲಸ ಮಾಡಿದವರಲ್ಲ ಅವರು. ಒಂದೇ ಬೆರಳಿನಲ್ಲಿ ನಿಧಾನವಾಗಿ ಒತ್ತತೊಡಗಿದರು. ನನ್ನ ಕೈಯಲ್ಲಿ ಪರದೆ ಬೆಳಗಿತು:

"ಯಾಕೆ? ಇತಿ, ಮಾವ."

"ನಾನು ಬಂದಿದ್ದೀನಿ!!!" ಎಂದು ಒತ್ತಿದೆ.

ಓದಿದರು. ತಿರುಗಿದರು. ಹಳಿಯ ಈಚೆ ಎರಡೂ ಕೈ ಎತ್ತಿ ಕುಣಿಯುತ್ತಿದ್ದ ನನ್ನನ್ನು ಕಂಡರು. ಟ್ರೈನು ಒಮ್ಮೆ ಜಗ್ಗಿತು. ಮಾವ ಕಾಲನ್ನು ಕೆಳಗಿಟ್ಟು, ಬೋಗಿಯೊಳಗೆ ಕೈ ಚಾಚಿ, ಸರಿಯುತ್ತಿದ್ದ ಬಾಗಿಲಿನಿಂದ ಪೆಟ್ಟಿಗೆಯನ್ನು ಎಳೆದುಕೊಂಡರು. ಟ್ರೈನು ಅವರನ್ನು ಬಿಟ್ಟು ಹೋಯಿತು. ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ.

ಸೇತುವೆಯ ನಟ್ಟನಡುವೆ ಭೇಟಿಯಾದೆವು. ಕ್ಷಮೆ ಕೇಳಲು ಫೋನು ತೆಗೆದರೆ ಅವರು ನನ್ನ ಕೈ ಹಿಡಿದುಕೊಂಡರು. ಅವರ ಕಣ್ಣು ಮಣಿಕಟ್ಟಿನ ಮೇಲಿತ್ತು. ಗಡಿಯಾರವನ್ನು ಅಭ್ಯಾಸಬಲದಿಂದ ಕಿವಿಗೆ ಹಿಡಿದರು. ಆಮೇಲೆ ನೆನಪಾಗಿ ನಕ್ಕು, ಗಾಜಿನ ಮೇಲೆ ಹೆಬ್ಬೆರಳಿಟ್ಟು ಕಣ್ಣು ಮುಚ್ಚಿದರು.

"ನಡೀತಿದೆ!" ಎಂದು ಕೂಗಿದರು. ತಮ್ಮ ದನಿ ತಮಗೆ ಕೇಳದ್ದರಿಂದ ಅವರು ಮಾತಾಡುವುದೆಲ್ಲ ಕೂಗಿಯೇ. "ಇನ್ನೂ ಕಟ್ತೀರಾ ಇದನ್ನ!"

ನಾನು ಹೌದೆಂದು ತಲೆಯಾಡಿಸಿದೆ. ಅಂಥ ಹೊತ್ತಿನಲ್ಲೂ ಸುಳ್ಳು!

ಟ್ಯಾಕ್ಸಿಯಲ್ಲಿ ಅವರಿಗೊಂದು ಮೆಸೇಜು ಕಳಿಸಿದೆ: "ಮಾವ, ಈ ವಿಷಯ ನಿಮ್ಮ ಮಗಳಿಗೆ ಹೇಳ್ಬೇಡಿ. ಕೈ ಮುಗೀತೀನಿ." ಪಕ್ಕದಲ್ಲೇ ಕೂತಿದ್ದವರು ಕನ್ನಡಕ ಒರೆಸಿ, ಓದಿ, ಉತ್ತರ ಕಳಿಸಿದರು: "ಆಗಲಿ. ಬಾಯಿ ಬಿಡುವುದಿಲ್ಲ. ಇತಿ, ಮಾವ."

ಎರಡೂವರೆಗೆ ಹೆಂಡತಿ ಬಂದಳು. ಸೋಫಾದ ಮೇಲೆ ಕಾಫಿ ಕುಡಿಯುತ್ತಿದ್ದ ಅಪ್ಪನನ್ನು ಕಂಡವಳೇ ಓಡಿಬಂದು ಅವರ ಭುಜದಲ್ಲಿ ಮುಖ ಹುದುಗಿಸಿದಳು. ನಾನು ಕಣ್ಣೊರೆಸಿಕೊಂಡು ಕಾಲ ಮೇಲೆ ಕಾಲು ಹಾಕಿದೆ.

"ನೋಡಿದ್ಯಾ? ಸಮಯಕ್ಕೆ ಐದು ನಿಮಿಷ ಮೊದಲೇ ಹೋಗಿದ್ದೆ."

"ಯಾವ ಸ್ಟೇಷನ್ನಿಗೆ?"

ನನ್ನ ಕಾಲು ತಾನಾಗಿಯೇ ಕೆಳಗಿಳಿಯಿತು. ಅವಳು ಕೈಚೀಲದಿಂದ ಫೋನು ತೆಗೆದು ಓದತೊಡಗಿದಳು. "'ಇಳಿದೆ. ಬೆಂಚಿನ ಮೇಲೆ ಕುಳಿತಿದ್ದೇನೆ. ಇತಿ, ಅಪ್ಪ.' 'ಬಿಸಿಲಿದೆ. ಪರವಾಗಿಲ್ಲ. ಇತಿ, ಅಪ್ಪ.' ಮುಂದೆ ಓದ್ಲಾ?"

ಮಾವ ಪ್ರತಿ ಮೆಸೇಜನ್ನೂ ಎರಡು ಪ್ರತಿ ಮಾಡುತ್ತಿದ್ದರು! ಅಳಿಯನಿಗೊಂದು, ಮಗಳಿಗೊಂದು! ಬಾಯಿ ಬಿಡುವುದಿಲ್ಲ ಎಂದ ಮಾತಿಗೆ ಅವರು ತಪ್ಪಲಿಲ್ಲ, ಅಷ್ಟೇ.

"ಲಾಕರ್ ತೆಗೆದು ಇದನ್ನ ಓದ್ದಾಗ ನನಗೇನಾಗಿರ್ಬೇಡ? ಟ್ರೈನ್ ಹೋದ ಮೇಲೆ 'ಅಳಿಯಂದಿರು ಬಂದರು' ಅಂತ ಇನ್ನೊಂದು ಬಂದಿರದಿದ್ರೆ ನಾನೂ ಸ್ಟೇಷನ್ನಿಗೇ ಹೋಗಿರ್ತಿದ್ದೆ!" ಫೋನನ್ನು ಮೇಜಿನ ಮೇಲೆ ಕುಕ್ಕಿದಳು. "ವಾಚ್ ಮುಟ್ಟಬೇಡಿ ಅಂದಿದ್ನೋ ಇಲ್ವೋ?"

"ಅಂದಿದ್ದೆ. ಆದ್ರೆ ಆ ವಾಚಲ್ಲೇ ಏನೋ ದೊಡ್ಡ ದೋಷ ಇದೆ ಕಣೇ. ತಯಾರಿಕೆಯಲ್ಲೇ ದೋಷ!" ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಯಿತು ನನ್ನ ಕಥೆ.

ಮೇಜಿನ ಮೇಲೆ ಚಾರ್ಜಾಗಿ ಮತ್ತೆ ಬೆಳಗುತ್ತಿದ್ದ ವಾಚನ್ನು ಮಾವ ಆಗಲೇ ಕೈಗೆತ್ತಿಕೊಂಡಿದ್ದರು. ಕೆಂಪು ಚೀಟಿಯನ್ನು ಪಕ್ಕಕ್ಕೆ ಸರಿಸಿ, ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿದರು. ಹಿಂದೆ ನೋಡಿದರು, ಮುಂದೆ ನೋಡಿದರು. ಹುಬ್ಬು ಗಂಟಿಕ್ಕಿತು.

"ಈ ಚಂದ್ರ ಎಷ್ಟು ದಿನದಿಂದ ಹೀಗಿದ್ದಾನೆ?" ಎಂದು ಗುಡುಗಿದರು.

ಹೆಮ್ಮೆಯಿಂದ ಹತ್ತು ಬೆರಳು ತೋರಿಸಿ, ಮತ್ತೆ ಮೂರು ತೋರಿಸಿದೆ.

"ಇವತ್ತು ಹುಣ್ಣಿಮೆ! ಹದಿಮೂರು ದಿನದಿಂದ ಬಿದಿಗೆಯಲ್ಲೇ ನಿಂತ ಚಂದ್ರನನ್ನ ನಾನು ಯಾವ ಗಡಿಯಾರದಲ್ಲೂ ಕಂಡಿಲ್ಲ!"

ಹೆಂಡತಿ ಬಗ್ಗಿ ನೋಡಿದಳು. ಆಮೇಲೆ ತುಟಿ ಅದುರಿತು. ಸೋಫಾದ ತೋಳು ಹಿಡಿದುಕೊಂಡು, ಮೂರು ವರ್ಷದಲ್ಲಿ ನಾನು ಕೇಳಿರದಂಥ ನಗು ನಕ್ಕಳು.

"ರೀ... ಅದು ಚಂದ್ರ ಅಲ್ಲಾರೀ! 'ತೊಂದರೆ ಕೊಡಬೇಡಿ' ಅನ್ನೋ ಗುಂಡಿ ಅದು! ಅದನ್ನ ಒತ್ತಿದ್ರೆ ಯಾರ ಮೆಸೇಜ್ ಬಂದ್ರೂ ವಾಚು ಬಾಯಿ ಮುಚ್ಕೊಂಡಿರುತ್ತೆ. ಒತ್ತಿದ್ದು ಯಾರು? 'ಬಾರೇ ನೋಡೇ' ಅಂತ ಕರೆದವರು ಯಾರು?"

ಮೊದಲು ಸ್ವಿಚ್ಚು ನೋಡು. ಬೀಗ ಹಾಕಿದವನೇ ಬೀಗ ತೆಗೆಯಬೇಕು. ಹೊಸಬರಿಗೆ ಪಾಠ ಹೇಳುವ ಮಹಾಶಯ! ಅದನ್ನೆಲ್ಲ ಅವಳು ಅಪ್ಪನ ಫೋನಿಗೆ ಬರೆದು ಕಳಿಸಿದಳು. ಅವರು ಓದಿದರು. ನಗಲಿಲ್ಲ. ವಾಚನ್ನು ನನ್ನ ಮುಂದೆ ಹಿಡಿದರು. ಇಬ್ಬರೂ ನೋಡುತ್ತಿದ್ದಂತೆ ನಾನೇ, ನನ್ನ ಈ ಬೆರಳಿನಿಂದಲೇ, ಚಂದ್ರನನ್ನು ಒತ್ತಿದೆ. ಒಂದೇ ಒತ್ತು. ಮುಳುಗಿದ.

ಮಾವ ವಾಚನ್ನು ನನ್ನ ಬಲಗೈಗೆ ಕಟ್ಟಿದರು. ಎಡಗೈಯಲ್ಲಿ ಅವರದಿತ್ತು. ಆಮೇಲೆ ತಮ್ಮ ಫೋನು ತೆಗೆದು, ಕನ್ನಡಕ ಒರೆಸಿ, ಒಂದೇ ಬೆರಳಿನಲ್ಲಿ ಬಹಳ ಹೊತ್ತು ಏನೋ ಬರೆದರು.

ಹದಿಮೂರು ದಿನದ ಮೇಲೆ ಮೊದಲ ಸಲ ನನ್ನ ಮಣಿಕಟ್ಟಿಗೆ ಗುದ್ದು ಬಿತ್ತು!

"ಗಟ್ಟಿಯಾಗಿ ಓದಿ," ಎಂದಳು ಹೆಂಡತಿ.

ಓದಿದೆ. "ಗಡಿಯಾರದಲ್ಲಿ ದೋಷವಿಲ್ಲ. ಅಳಿಯಂದಿರನ್ನು ಪೂರ್ತಿ ಬಿಚ್ಚಿ, ತೊಳೆದು, ಮತ್ತೆ ಜೋಡಿಸಬೇಕು. ಹದಿನೈದು ದಿನದ ಕೆಲಸ. ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಇತಿ, ಮಾವ."